ಯಜಮಾನರ ಬೆನ್ನಿನ ಫೋಟೋ

ಚಳ್ಳಕೆರೆಯಲ್ಲಿ ಯಜಮಾನರ ಬೆನ್ನಿಗೆ ಸ್ಕ್ಯಾನ್ ಮಾಡಿಸಿ, ವರದಿ ಹಿಡಿದು ಊರಿನ ಬಸ್ಸು ಹತ್ತಿದೆವು. ಡಾಕ್ಟರು ಸಿಗುವುದು ಸೋಮವಾರವಂತೆ. ಅಲ್ಲಿಯವರೆಗೆ ಸುಮ್ಮನಿರುವ ಆಸಾಮಿಯೇ ನನ್ನ ಮೈದುನ? ಬಿ.ಜಿ. ಕೆರೆ ಬರುವಷ್ಟರಲ್ಲಿ ವರದಿಯ ಒಂದೊಂದೇ ಇಂಗ್ಲಿಷ್ ಪದವನ್ನು ಮೊಬೈಲಿನಲ್ಲಿ ಹುಡುಕಿ, "ಅಣ್ಣಾ, ನಿನ್ ಬೆನ್ನಿನ ಡಿಸ್ಕೆಲ್ಲ ಸವ್ದು ಒಣಗೋಗೈತಂತೆ" ಎಂದು ಘೋಷಿಸಿದ. ಹತ್ತುವಾಗ ಕಿಟಕಿ ಸೀಟಿಗೆ ಓಡಿದ್ದ ಮನುಷ್ಯ ಇಳಿಯುವಾಗ ನಮ್ಮಿಬ್ಬರ ಹೆಗಲು ಕೇಳಿದರು.

ಮೊಳಕಾಲ್ಮೂರಿನ ಮನೆಗೆ ಬಂದು ಮಲಗಿದ್ದೇ ಮಲಗಿದ್ದು. ನೋಡಲು ಬಂದವರೆಲ್ಲ ಸ್ಕ್ಯಾನಿನ ಕರಿ ಫಿಲ್ಮನ್ನು ಬೆಳಕಿಗೆ ಹಿಡಿದು, ರೇಷ್ಮೆ ಸೀರೆಯಲ್ಲಿ ತಪ್ಪು ಎಳೆ ಹುಡುಕುವವರಂತೆ ಕಣ್ಣಾಡಿಸಿದರು. ಎದುರುಮನೆ ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದೇ, "ಅಯ್ಯೋ, ನಡುಮು ಪೋಯಿಂದಿ!" ಎಂದು ತೆಲುಗಿನಲ್ಲಿ ಅವರ ಸೊಂಟದ ತಿಥಿ ಮಾಡಿ ಮುಗಿಸಿದಳು. ಡಾಕ್ಟರಾಗಲು ಜನ ಅಷ್ಟು ವರ್ಷ ಯಾಕೆ ಓದುತ್ತಾರೋ.

ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ನಮ್ಮದು ಇಬ್ಬರು ಕೂತು ನೇಯುವ ಮಗ್ಗ. ಅವರು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆಯ ಒಡಲಿನ ಲಾಳಿ ಎಸೆದರೆ, ನಾನು ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸಬೇಕು. ಅವರಿಲ್ಲದೆ ನನ್ನ ಲಾಳಿ ಏನು ಮಾಡೀತು? ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಇವರು ಇನ್ನು ಮಗ್ಗಕ್ಕೆ ಇಳಿಯುವುದೇ ಇಲ್ಲವೇನೋ ಎಂದು, ನೀರು ಹೊರುವಾಗಲೂ, ಹಾಸಿಗೆಗೇ ತಟ್ಟೆ ಒಯ್ಯುವಾಗಲೂ ಒಂದೇ ಚಿಂತೆ.

ಸೋಮವಾರ ಡಾಕ್ಟರು ಫಿಲ್ಮ್ ನೋಡಿ, ಕಾಲು ಎತ್ತಿಸಿ, ನಡೆಸಿ, ನಕ್ಕುಬಿಟ್ಟರು. "ಐವತ್ತು ದಾಟಿದೋರ ಬೆನ್ನು ಒಳಗೆ ಹಿಂಗೇ ಇರ್ತೈತ್ರಿ. ತಲೆಕೂದ್ಲು ಬೆಳ್ಳಗಾಗಲ್ವಾ, ಹಂಗೇ. ನರ ಒತ್ಕೊಂಡಿಲ್ಲ, ಕಾಲಾಗೆ ಶಕ್ತಿ ಐತೆ. ಮಲಗಿದ್ರೇ ನೋವು ಜಾಸ್ತಿ. ಓಡಾಡ್ರಿ. ನೇಯ್ರಿ, ನಡುನಡುವೆ ಎದ್ದೇಳ್ರಿ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ದು ಸ್ಕ್ಯಾನ್ ಮಾಡಿದ್ರೂ ಇಂಥದ್ದೇ ಬರ್ತೈತೆ ಕಣಮ್ಮ" ಎಂದರು.

ಯಜಮಾನರ ಮುಖ ಸಪ್ಪಗಾಯಿತು. ದೊಡ್ಡ ರೋಗ ಎಂದುಕೊಂಡದ್ದು ಬರೀ ವಯಸ್ಸು ಎಂದರೆ ಯಾರಿಗೆ ತಾನೇ ಬೇಸರವಾಗದು? ನನಗೆ ಮಾತ್ರ ಹೋದ ಜೀವ ಬಂದಂತಾಯಿತು.

ಮರುದಿನ ಮಗ್ಗಕ್ಕೆ ಇಳಿದರು. ನಾಲ್ಕು ಎಳೆ ನೇಯ್ದು ಕೈ ನಿಲ್ಲಿಸಿದರು.

"ನಿನ್ ಬೆನ್ನು ನೋಯ್ತೈತೇನೇ?"

"ನಂದು ಫೋಟೋ ತೆಗ್ಸಿಲ್ವಲ್ಲ, ಹೆಂಗೆ ನೋಯ್ತೈತೆ?"

ಅವರು ತಮ್ಮ ಕೆಳಗಿದ್ದ ದಿಂಬು ಎಳೆದು ನನ್ನ ಕಡೆ ತಳ್ಳಿದರು. ನಾನು ಅದರ ಮೇಲೆ ಕೂತೆ. ನೋಯುತ್ತಿತ್ತು.