ಬೂದಿ ಬಣ್ಣದ ಹೊಗೆ

ಹೊಗೆ ನೋಡಿ ಒಲೆಯೊಳಗಿನ ಸಂಗತಿ ಹೇಳುತ್ತಿದ್ದವನು ನಮ್ಮ ಅಣ್ಣ ಈರಣ್ಣ. ಬ್ಯಾಡಗಿಯ ನಮ್ಮ ಓಣಿಯಲ್ಲಿ, ಬೆಳಿಗ್ಗೆ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತು, ಹೆಂಚಿನ ಸಂದಿಯಿಂದ ಏಳುವ ಹೊಗೆಗಳನ್ನು ಒಂದೊಂದಾಗಿ ನೋಡುತ್ತಿದ್ದ. “ಕರೀ ಹೊಗಿ ಬಂತಂದ್ರ ಹೊಟ್ಟಿಗೆ ಹೆಚ್ಚಾಗೈತಿ. ಏನೂ ಕಾಣಲಿಲ್ಲಂದ್ರ ಹಸದೈತಿ. ಬೂದಿ ಬಣ್ಣದ್ದು ತೆಳ್ಳಗ ಎದ್ದರ ಇಂಜಿನ್ ಸುಖದಾಗ ಐತಿ ಅಂತ ತಿಳೀಬೇಕು, ತಂಗೀ,” ಎನ್ನುತ್ತಿದ್ದ. ಒಲೆಗೂ ಅವನು ಇಂಜಿನ್ ಎಂದೇ ಅನ್ನುತ್ತಿದ್ದ.

ಅವನು ರೈಲಿನಲ್ಲಿ ಫೈರ್‌ಮನ್ ಆಗಿದ್ದ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ಉಗಿಬಂಡಿಗೆ ಕಲ್ಲಿದ್ದಲು ಹಾಕುವ ಕೆಲಸ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಮದುವೆಯಾಗಿ ಬ್ಯಾಡಗಿಗೆ ಬಂದೆ. ಆಮೇಲೆ ಎಷ್ಟೋ ವರ್ಷ ಅಣ್ಣ ನನಗೆ ಬರೀ ಒಂದು ಸೀಟಿಯಾಗಿದ್ದ. ನಮ್ಮೂರು ಬಂದಾಗ ಡ್ರೈವರನನ್ನು ಕೇಳಿಕೊಂಡು ಎರಡು ಗಿಡ್ಡ, ಒಂದು ಉದ್ದ ಸೀಟಿ ಊದುತ್ತಿದ್ದ. ರೊಟ್ಟಿ ಹಿಟ್ಟಿನ ಕೈಯಲ್ಲೇ ನಾನು ಹಿತ್ತಲಿಗೆ ಓಡುತ್ತಿದ್ದೆ. ಗಾಡಿ ಕಾಣುತ್ತಿರಲಿಲ್ಲ. ಹೊಲಗಳ ಆಚೆ ಹೊಗೆಯ ಒಂದು ಗೆರೆ ರಾಣೆಬೆನ್ನೂರಿನ ಕಡೆಗೆ ನಿಧಾನವಾಗಿ ಹೋಗುತ್ತಿತ್ತು. ಗಾಡಿ ಹೋದ ಮೇಲೂ ಅದು ಮೆಣಸಿನ ಹೊಲದ ಮೇಲೆ ಸ್ವಲ್ಪ ಹೊತ್ತು ನಿಂತಿರುತ್ತಿತ್ತು. ಅಣ್ಣ ಬಂದು ಹೋದ ಅಂದುಕೊಂಡು ಒಳಗೆ ಬಂದು ರೊಟ್ಟಿ ಬಡಿಯುತ್ತಿದ್ದೆ.

ಹಬ್ಬಕ್ಕೆ ಅರ್ಧ ದಿನ ಬಂದರೆ ಉಗುರಿನಲ್ಲಿ ಕಪ್ಪು, ಬಾಯಿ ತುಂಬ ಕಥೆ. ಕಾದ ಸಲಿಕೆಯ ಮೇಲೆ ಬದನೆಕಾಯಿ ಸುಟ್ಟು, ಉಪ್ಪು ಹಚ್ಚಿ, ಮೂವರು ಹಂಚಿಕೊಂಡು ತಿಂದದ್ದು. ನಸುಕಿನಲ್ಲಿ ಕುಮಾರಪಟ್ಟಣದ ಹತ್ತಿರ ಹೊಳೆ ದಾಟುವಾಗ ಇಂಜಿನ್ನಿನ ಒಲೆಯ ಬಾಗಿಲು ತೆರೆದರೆ, ಕೆಳಗೆ ತುಂಗಭದ್ರೆಯ ನೀರು ಕೆಂಪಗಾಗಿ, ಬಾಗಿಲು ಮುಚ್ಚಿದರೆ ಮತ್ತೆ ಕಪ್ಪಗಾಗುತ್ತಿದ್ದದ್ದು. ಅದನ್ನು ಹೇಳುವಾಗ ಅಂಗೈ ತೆರೆದು ಮುಚ್ಚಿ ತೋರಿಸುತ್ತಿದ್ದ. ನಾನು ಆ ಹೊಳೆ ದಾಟಿದವಳಲ್ಲ. ಆದರೂ ಕಣ್ಣು ಮುಚ್ಚಿದರೆ ಇವತ್ತಿಗೂ ಆ ಕೆಂಪು ನೀರು ಕಾಣುತ್ತದೆ.

ಮುಂದೆ ಉಗಿಬಂಡಿಗಳು ನಿಂತವು. ಡೀಸೆಲ್ ಬಂದಿತು. ಅಣ್ಣನನ್ನು ಮೋಟೆಬೆನ್ನೂರಿನ ಕಡೆಯ ಒಂದು ಗೇಟಿಗೆ ಗೇಟ್‌ಮನ್ ಮಾಡಿ ಹಾಕಿದರು. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಣ್ಣ ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಒಂದು ಸಲಿಕೆ ಹಿಡಿದುಕೊಂಡು ನನ್ನ ಎರಡು ಖೋಲಿಯ ಮನೆಗೆ ಬಂದ. ಗೇಟಿನಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದನಂತೆ, ಡೀಸೆಲ್ ಇಂಜಿನ್ನಿನ ಮುಖ ಮಾತ್ರ ನೋಡುತ್ತಿರಲಿಲ್ಲವಂತೆ. “ಅದಕ್ಕ ಬೆವರು ಬರೂದಿಲ್ಲ, ತಂಗೀ. ಅದರ ಜೋಡಿ ಏನು ಮಾತಾಡೂದು?”

ನನಗೆ ಮಾತ್ರ ಅವು ಸುಖದ ದಿನಗಳು. ಸೀಟಿಯಾಗಿದ್ದ ಅಣ್ಣ ಮನುಷ್ಯನಾಗಿ ಮನೆಯಲ್ಲಿದ್ದ. ನಾನು ಏಳುವ ಮೊದಲೇ ನೀರೊಲೆ ಹೊತ್ತಿಸಿರುತ್ತಿದ್ದ. ನಾನು ಮಂಡಿಯವರಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತರೆ, ಡ್ಯೂಟಿ ಮುಗಿಸಿ ಬಂದು ಎದುರಿಗೆ ಕುಳಿತು ತಾನೂ ಬಿಡಿಸುತ್ತಿದ್ದ. ಇಬ್ಬರೂ ಸೀನುತ್ತಿದ್ದೆವು, ಕೆಮ್ಮುತ್ತಿದ್ದೆವು. ಸುಗ್ಗಿಯಲ್ಲಿ ನಮ್ಮೂರಿನಲ್ಲಿ ಕೆಮ್ಮದವರು ಯಾರು?

ಒಂದು ದಿನ ಅವನು ಹಾವೇರಿಗೆ ಹೋದವನು ಕ್ಷೌರದ ಅಂಗಡಿಯಿಂದ ಹಳೆಯ ಪೇಪರ್ ಒಂದನ್ನು ಮಡಚಿ ತಂದ. ಎಲ್ಲಿಯದೋ ಗುಡ್ಡದ ಊರಿನಲ್ಲಿ ಪ್ರವಾಸಿಗಳಿಗಾಗಿ ಉಗಿಬಂಡಿಯನ್ನು ಮತ್ತೆ ಓಡಿಸುತ್ತಾರಂತೆ, ಕೆಲಸ ಬಲ್ಲ ಹಳಬರನ್ನು ಹುಡುಕುತ್ತಿದ್ದಾರಂತೆ. ಓದಿ ಹೇಳಿ, ಪೇಪರನ್ನು ಮತ್ತೆ ಜೋಪಾನವಾಗಿ ಮಡಚಿದ. “ಮೊದಲ ಕಣ್ಣಾಗ ಕಿಡಿ ಬಿತ್ತಂತ ಬೈತಿದ್ರು. ಈಗ ಹೊಗೀ ನೋಡಾಕ ರೊಕ್ಕ ಕೊಟ್ಟು ಬರ್ತಾರಂತ.”

ಪಕ್ಕದ ಮನೆಯ ಶಾಂತವ್ವ ಗೋಡೆಯ ಆಚೆಯಿಂದಲೇ ಅಂದಳು: “ಹಂಗಿದ್ರ ನಮ್ಮ ಅಡಿಗಿಮನಿಗೆ ಕಳಸ್ರಿ ಈರಣ್ಣಾರ, ಪುಕ್ಕಟ ತೋರಸ್ತೇನಿ.”

ಅಣ್ಣ ಅರ್ಜಿ ಹಾಕಿದ. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಇಂಜಿನ್ನಿನ ಒಲೆಯಷ್ಟೇ ಬಾಯಿ ಮಾಡಿದ. ಸಲಿಕೆಯಿಂದ ಅದರೊಳಗೆ ಉಸುಕು ಎಸೆಯತೊಡಗಿದ. ಮೊದಲು ಹಿಂದಿನ ಎರಡು ಮೂಲೆ, ಆಮೇಲೆ ಎರಡು ಮಗ್ಗುಲು, ಕೊನೆಗೆ ಬಾಗಿಲ ಬುಡ. ಬಗ್ಗಿ ನೋಡಿ, ಎಲ್ಲೂ ಗುಂಡಿ ಬಿದ್ದಿಲ್ಲ ಎಂದು ತಲೆಯಾಡಿಸುತ್ತಿದ್ದ. ಕೆಲವೊಮ್ಮೆ ಸಲಿಕೆ ಊರಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ, ಗುಡ್ಡ ಹತ್ತುತ್ತಿರುವವನ ಹಾಗೆ. ನಾನು ತೊಟ್ಟು ಬಿಡಿಸುತ್ತ ಆ ಸದ್ದು ಕೇಳುತ್ತಿದ್ದೆ. ಒಂದೊಂದು ಸಲಿಕೆಗೂ ಅಣ್ಣ ಸ್ವಲ್ಪ ಸ್ವಲ್ಪವೇ ನನ್ನ ಮನೆಯಿಂದ ದೂರ ಹೋಗುತ್ತಿದ್ದ.

ಸುಗ್ಗಿಯ ಕಾಲ. ಮಂಡಿಯ ಕಡೆಯ ಗಾಳಿಯೇ ಕೆಂಪಗಿತ್ತು. ಹಳಬರ ಪಟ್ಟಿ ಹಿಡಿದು ಊರೂರು ತಿರುಗುತ್ತಿದ್ದ ಒಬ್ಬ ಸಾಹೇಬರು ರಾಣೆಬೆನ್ನೂರು ಮುಗಿಸಿ ನಮ್ಮ ಮನೆಗೆ ಬಂದರು. ಮೈಸೂರು ಕಡೆಯ ಮಾತು. ಎರಡು ಸಲ ಸೀನಿ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಕ್ಕರು. ಅಣ್ಣ ಅವರನ್ನು ಕೂರಿಸಿ, ಸಲಿಕೆ ತರಲು ಒಳಗೆ ಓಡಿದ. ಅದು ತೊಟ್ಟಿನ ಚೀಲಗಳ ಹಿಂದೆ ಇತ್ತು. ಚೀಲ ಜರುಗಿಸಿದವನಿಗೆ ಘಾಟು ಹತ್ತಿ ಕೆಮ್ಮು ಬಂದಿತು. ಬಿಡದ ಕೆಮ್ಮು.

ಸಾಹೇಬರ ನಗು ನಿಂತಿತು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಮೆಣಸಿನಕಾಯಿಯ ಕೆಮ್ಮೋ, ಎದೆಯದೋ? ನಿಜ ಹೇಳಿಯಮ್ಮ. ಬೆಂಕಿಯ ಮುಂದೆ ನಿಲ್ಲುವ ಕೆಲಸ.”

ಮೆಣಸಿನಕಾಯಿಯದು ಎಂಬ ಒಂದು ಮಾತು ಸಾಕಾಗಿತ್ತು. ನನ್ನ ಕಣ್ಣಿಗೆ ಮಾತ್ರ ಅಣ್ಣನಿಲ್ಲದ ಬೆಳಗಿನ ನೀರೊಲೆ, ತಣ್ಣಗಿನ ನೀರೊಲೆ ಕಂಡಿತು.

“ಎದೀದರಿ,” ಅಂದೆ. “ಭಾಳ ದಿನದ್ದು.”

ಅಣ್ಣ ಸಲಿಕೆ ಹಿಡಿದು ಬಂದ. ಹಿತ್ತಲಿಗೆ ಕರೆದೊಯ್ದು ಎಸೆದು ತೋರಿಸಿದ. ಮೂಲೆ, ಮಗ್ಗುಲು, ಬುಡ. ಒಂದು ಹರಳೂ ಹೊರಗೆ ಬೀಳಲಿಲ್ಲ. ಸಾಹೇಬರು ಅವನ ಬೆನ್ನ ಮೇಲೆ ಕೈಯಿಟ್ಟು, ತಿಳಿಸುತ್ತೇನೆ ಎಂದು ಹೇಳಿ ಹೋದರು. ಅವರ ಕಣ್ಣು ಅಣ್ಣನ ಕಣ್ಣಿಗೆ ಕೂಡಲಿಲ್ಲ, ನನಗೆ ಅದು ಕಂಡಿತು.

ಮುಂದಿನ ಸುಗ್ಗಿಯವರೆಗೂ ಅಣ್ಣ ಉಸುಕು ಎಸೆದ. ಆಮೇಲೆ ಒಂದು ದಿನ ಇಟ್ಟಿಗೆಗಳನ್ನು ಬಿಚ್ಚಿ, ಬಚ್ಚಲ ಕಟ್ಟೆ ಮಾಡಿಕೊಟ್ಟ. “ನಿನಗ ಕುಂತು ಬಟ್ಟಿ ಒಗೀಲಿಕ್ಕೆ ಬರ್ತೈತಿ,” ಎಂದ. ಹೇಳಬೇಕು ಎಂದು ಆವತ್ತು ಬಾಯಿಯವರೆಗೆ ಬಂದಿತ್ತು. ಆ ಕಟ್ಟೆಯ ಮೇಲೆ ಕುಳಿತು ಬಟ್ಟೆ ಒಗೆದೆ.

ಕೆಲವು ವರ್ಷ ಕಳೆದು ಒಂದು ಮಳೆಗಾಲ ಅವನಿಗೆ ಜ್ವರ ಬಂದು, ಕೆಮ್ಮು ನಿಜವಾಗಿಯೂ ಎದೆಗೆ ಇಳಿಯಿತು. ಕೆಟ್ಟ ಮಾತಾಡಿದರೆ ಮೇಲಿನ ದೇವರು ಅಸ್ತು ಅನ್ನುತ್ತಾನೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ನಳಿಗೆ ಇಟ್ಟು, ಇದು ಎಷ್ಟು ದಿನದ ಕೆಮ್ಮು ಎಂದು ಕೇಳಿದರು. ಅಣ್ಣ ತಲೆದಿಂಬಿನ ಮೇಲೆ ಮುಖ ಹೊರಳಿಸಿ ನನ್ನನ್ನು ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ. ಚಿಕ್ಕಂದಿನಲ್ಲಿ ನಾನು ಬೆಲ್ಲ ಕದ್ದದ್ದು ಕಂಡೂ ಸುಮ್ಮನಿರುತ್ತಿದ್ದಾಗಿನ ನಗು.

“ನಮ್ಮ ತಂಗೀನ್ನ ಕೇಳ್ರಿ,” ಎಂದ. “ಆಕಿಗೆ ಗೊತ್ತೈತಿ.”

ಸಾಹೇಬರು ಕುಳಿತಿದ್ದ ಖೋಲಿಗೂ ಸಲಿಕೆ ಇದ್ದ ಖೋಲಿಗೂ ನಡುವಿನ ಗೋಡೆ ಎಷ್ಟು ತೆಳುವೆಂದು ನನಗೆ ನೆನಪಾದದ್ದು ಆಗ. ಮೂರನೆಯ ದಿನ ಅಣ್ಣ ಹೋದ.

ಶಾಂತವ್ವನ ಮಗಳು ರಾಣೆಬೆನ್ನೂರಿನ ಶಾಲೆಯಲ್ಲಿ ಟೀಚರು. ಹೋದ ರಜೆಯಲ್ಲಿ ಆ ಗುಡ್ಡದ ಊರಿಗೆ ಹೋಗಿ ಬಂದಳು. ಉಗಿಬಂಡಿ ಓಡುತ್ತಿದೆಯಂತೆ. ಅಗಲ ಕಿಟಕಿಯ ಡಬ್ಬಿಗಳಂತೆ, ಸೀಟಿ ಕೇಳಿದರೆ ಹುಡುಗರು ಕುಣಿಯುತ್ತಾರಂತೆ. ಹೊಗೆಯ ಬಣ್ಣ ಯಾವುದಿತ್ತು ಎಂದು ಕೇಳಿದೆ. ಅವಳಿಗೆ ನಗು ಬಂದಿತು.

“ಕರೇದ, ಅತ್ತಿ. ಹೊಗಿ ಮತ್ಯಾವ ಬಣ್ಣ ಇರ್ತೈತಿ? ಇಡೀ ಗುಡ್ಡಾನ ಕಾಣಲಿಲ್ಲ, ಅಷ್ಟು ಕರೇದು.”

ಯಾರೋ ಕೆಲಸ ಗೊತ್ತಿಲ್ಲದವರು ಕಲ್ಲಿದ್ದಲು ಹೆಚ್ಚು ಹಾಕುತ್ತಿದ್ದಾರೆ.