ಅಕ್ಕನ ಹಿತ್ತಲಿಗೆ ಹಾಸಿದ ಹುಲ್ಲು

ಊರಿಗೆಲ್ಲ ಅವನು ಮಟ್ಟಣ್ಣ. ಕೃತಕ ಹುಲ್ಲು ಹಾಸುವ ಕೆಲಸದವನು. ಮಟ್ಟ ನೋಡುವ ರಸಮಟ್ಟವನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ. ಯಾರ ಮನೆಗೆ ಹೋದರೂ ಅದನ್ನು ಮೊದಲು ಮೇಜಿನ ಮೇಲಿಟ್ಟು, ಗುಳ್ಳೆ ನಡುವೆ ನಿಂತಿದೆಯೇ ನೋಡಿ, ಆಮೇಲೆ ಟೀ ಲೋಟ ಎತ್ತುತ್ತಿದ್ದ. "ಮದುವೆ ದಿನ ನನ್ನ ತಲೆ ಮೇಲೂ ಇಟ್ಟು ನೋಡಿದ್ರು" ಎಂದು ಹೆಂಡತಿ ಹೇಳುತ್ತಿದ್ದುದು ಸುಳ್ಳೇ ಇರಬಹುದು, ಆದರೆ ನಂಬದವರು ಯಾರೂ ಇರಲಿಲ್ಲ.

ಆ ಕಡೆಯ ಹಳ್ಳಿಮನೆಗಳ ಸುತ್ತೆಲ್ಲ ಜೇಡಿಮಣ್ಣು. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲಾದರೆ ಬಿರಿದು ಕಾಲು ಉಳುಕಿಸುತ್ತದೆ. ಅದರ ಮೇಲೆ ಸೀದಾ ಹುಲ್ಲು ಹಾಸಿಸಿಕೊಂಡವರ ಅಂಗಳ ಎರಡನೇ ಮಳೆಗೇ ಕಂಬಳಿಯಡಿ ಬೆಕ್ಕು ಹೊಕ್ಕ ಹಾಗೆ ಉಬ್ಬುತ್ತಿತ್ತು. ಮಟ್ಟಣ್ಣ ಗೇಣುದ್ದ ಜೇಡಿ ತೆಗೆದು, ನೀರು ಹರಿದುಹೋಗಲು ತೂತಿನ ಪೈಪು ಹೂತು, ದಪ್ಪ ಬಟ್ಟೆ ಹರಡಿ, ಅದರ ಮೇಲೆ ಜಲ್ಲಿ ಸುರಿದು ಬಡಿದು ದಮ್ಮಸ್ಸು ಮಾಡುವವರೆಗೆ ಹುಲ್ಲಿನ ಸುರುಳಿಯನ್ನು ಗಾಡಿಯಿಂದ ಇಳಿಸುತ್ತಲೇ ಇರಲಿಲ್ಲ. ಹುಲ್ಲಿನ ಎಸಳುಗಳೆಲ್ಲ ಮನೆಯ ಕಡೆಗೇ ಬಾಗಿರಬೇಕು, ಎರಡು ಪಟ್ಟಿ ಕೂಡಿದ ಗೆರೆ ದೇವರಿಗೂ ಕಾಣಬಾರದು. ಅದು ಅವನ ಹಟ.

ಇಷ್ಟೆಲ್ಲ ಬಲ್ಲವನಿಗೆ ಸ್ವಂತ ಅಕ್ಕನ ಹಿತ್ತಲಿಗೆ ಮಾತ್ರ ಪುರುಸೊತ್ತಾಗಿರಲಿಲ್ಲ. ತಾಯಿ ತೀರಿಹೋದಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಉಣಿಸಿ, ಬೈದು, ತಲೆ ಬಾಚಿ ಬೆಳೆಸಿದವಳು ಅವಳೇ. ಐವತ್ತೈದು ದಾಟಿದರೂ ಅವಳಿಗೆ ಅವನು ಇನ್ನೂ 'ಮರಿ'.

ಆರು ವರ್ಷದಿಂದ ಅಕ್ಕನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಆದರೂ ಬಟ್ಟೆ ಒಣಹಾಕುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬರಿಗಾಲಲ್ಲಿ, ಕೋಲಿಲ್ಲದೆ, ಹಿತ್ತಲ ಬಾಗಿಲಿನಿಂದ ತಂತಿ ಕಟ್ಟಿದ ಕಂಬದವರೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಹೋದ ಮಳೆಗಾಲದಲ್ಲಿ ಜೇಡಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಸಂಜೆ ಬರುವ ಮಗಳು ಹೆದರಿಹೋಗಿ ಹಿತ್ತಲ ಬಾಗಿಲಿಗೊಂದು ಬೀಗ ತಂದಳು.

ಮಟ್ಟಣ್ಣ ಬಾಗಿಲಿಗೆ ಅಡ್ಡ ನಿಂತ. "ಬೀಗ ಹಾಕ್ಬೇಡ. ನಾನು ಹುಲ್ಲು ಹಾಸಿಕೊಡ್ತೀನಿ."

"ಹಾಸಿ ಮಾವ. ಆದ್ರೆ ಅಮ್ಮ ಒಬ್ಳೇ ಹೋಗಿ ಬರೋದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಬೀಗಾನೇ" ಎಂದಳು ಅಕ್ಕನ ಮಗಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹದಿನೆಂಟು ದಿನ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಅವನು ಅಲ್ಲಿ ಬೆವರು ಸುರಿಸಿದ. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗುದ್ದಲಿಯ ಸದ್ದಿನಿಂದಲೇ ಎಷ್ಟು ಅಗೆದನೆಂದು ಅಳೆಯುತ್ತ, "ಊಟಕ್ಕೆ ಏಳು ಮರಿ" ಎಂದು ಕೂಗುತ್ತಿದ್ದಳು. ಹತ್ತೊಂಬತ್ತನೇ ದಿನ ಹಿತ್ತಲು ನೀಟಾಗಿ ಹಸಿರಾಯಿತು. ಮಟ್ಟಣ್ಣ ತನ್ನ ಜೀವಮಾನದಲ್ಲೇ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ.

ಭಾನುವಾರ ಮಗಳು ಬಾಗಿಲಲ್ಲಿ ನಿಂತಳು. ಅಕ್ಕ ಹೊಸಿಲು ದಾಟಿ ಹುಲ್ಲಿಗೆ ಕಾಲಿಟ್ಟಳು, ನಕ್ಕಳು, ನಡೆದಳು. ನಡು ಹಿತ್ತಲಲ್ಲಿ ನಿಂತುಬಿಟ್ಟಳು. ಪಾದದಿಂದ ಆ ಕಡೆ ಈ ಕಡೆ ತಡವಿದಳು. ಆಮೇಲೆ ತಿರುಗಿ, ಕಂಬವಿಲ್ಲದ ಕಡೆಗೆ, ಗೋಡೆಯತ್ತ ಹೊರಟಳು. ಮಟ್ಟಣ್ಣ ಓಡಿಹೋಗಿ ಕೈ ಹಿಡಿದ.

"ತುಂಬಾ ಚೆನ್ನಾಗಿದೆ ಮರಿ" ಎಂದಳು ಅಕ್ಕ. ಆದರೆ ಅವನ ಕೈ ಬಿಡಲಿಲ್ಲ.

ಆಗ ಅವನಿಗೆ ಅರ್ಥವಾಯಿತು. ಅವಳಿಗೆ ದಾರಿ ಹೇಳುತ್ತಿದ್ದುದು ಜೇಡಿಯೇ. ಇಲ್ಲೊಂದು ಬಿರುಕು, ಅಲ್ಲೊಂದು ದಿಬ್ಬ, ನಡುವೆ ಅವಳೇ ತುಳಿದು ತುಳಿದು ಆದ ತಗ್ಗು. ಅದನ್ನೆಲ್ಲ ಅಳಿಸಿ, ಸಮ ಮಾಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡವನು ಅವನು. ಮಟ್ಟಣ್ಣನಲ್ಲದೆ ಇನ್ಯಾರಿಗೂ ಇಂಥ ತಪ್ಪು ಮಾಡಲು ಬರುತ್ತಿರಲಿಲ್ಲ.

"ಹಗ್ಗ ಕಟ್ಟೋಣ್ವಾ ಅಮ್ಮ? ಹಿಡ್ಕೊಂಡು ಹೋಗ್ಬಹುದು" ಎಂದಳು ಮಗಳು.

"ನಾನೇನು ಕರುವೇನೇ?" ಎಂದು ಅಕ್ಕ ಒಳಗೆ ಹೋಗಿ ಕುಳಿತಳು. ಮಗಳು ಬೀಗ ಹುಡುಕತೊಡಗಿದಳು.

ಮಟ್ಟಣ್ಣ ಒಂದು ಗಂಟೆ ಹೊಸಿಲ ಮೇಲೆ ಕೂತಿದ್ದ. ಸುಮ್ಮನೆ ಹುಲ್ಲಿನ ಮೇಲೆ ಕೈಯಾಡಿಸುತ್ತಿದ್ದವನು ಥಟ್ಟನೆ ಎದ್ದು ಚಾಕು ತಂದ. ಬಾಗಿಲಿನಿಂದ ಕಂಬದವರೆಗೆ ಮೊಳದಗಲದ ಪಟ್ಟಿಯನ್ನು ಕೊಯ್ದು, ಮೇಲೆತ್ತಿ, ಆ ತುದಿ ಈ ಕಡೆಗೆ ಬರುವಂತೆ ತಿರುಗಿಸಿ ಅಲ್ಲೇ ಅಂಟಿಸಿದ. ಹಿತ್ತಲ ಹುಲ್ಲೆಲ್ಲ ಮನೆಯ ಕಡೆ ಬಾಗಿದ್ದರೆ ಆ ಪಟ್ಟಿಯೊಂದು ಕಂಬದ ಕಡೆ ಬಾಗಿತ್ತು. ಹಸಿರಿನ ನಡುವೆ ಅದು ಬೇರೆಯೇ ಬಣ್ಣವಾಗಿ ಎದ್ದು ಕಾಣುತ್ತಿತ್ತು. ಹೊಸ ಕೆಲಸಗಾರನೂ ನಾಚುವ ಕೆಲಸ.

ಅಂಟು ಒಣಗಿದ ಮೇಲೆ ಅಕ್ಕನನ್ನು ಕರೆದ. "ಹೋಗೋವಾಗ ಪಾದಕ್ಕೆ ನುಣ್ಣಗಿರುತ್ತೆ, ಬರೋವಾಗ ಚುಚ್ಚುತ್ತೆ. ಅದು ಬದಲಾದ್ರೆ ದಾರಿ ಬಿಟ್ಟೆ ಅಂತ ತಿಳ್ಕೋ."

ಅಕ್ಕ ನಡೆದಳು. ಎರಡು ಕೈ ಚಾಚಿಕೊಂಡು ಅವನು ಹಿಂದೆಯೇ ಹೋದ.

"ಹಿಂದೆ ಬರ್ಬೇಡ. ನಿನ್ನ ಉಸಿರು ಕೇಳಿಸ್ತಿದೆ."

ಅವನು ನಿಂತ. ಒಮ್ಮೆ ಅವಳ ಕಾಲು ಪಟ್ಟಿ ಬಿಟ್ಟಿತು. ಅವನು ಒಂದು ಹೆಜ್ಜೆ ಮುಂದಿಟ್ಟು ತಡೆದುಕೊಂಡ. ಅಕ್ಕ ಕಾಲೆಳೆದು ತಡವಿ, ನುಣುಪು ಹುಡುಕಿ ಮುಂದೆ ಹೋದಳು. ಕಂಬ ಕೈಗೆ ಸಿಕ್ಕಿತು. ಅದನ್ನು ತಬ್ಬಿಕೊಂಡಳು.

"ಅಯ್ಯೋ, ಬಟ್ಟೆ ಬುಟ್ಟೀನೇ ಮರ್ತು ಬಂದೆ."

"ನಾನು ತರ್ತೀನಿ ಅಕ್ಕ!"

"ಬೇಡ, ಅಲ್ಲೇ ಇರು."

ಅವಳು ಒಬ್ಬಳೇ ವಾಪಸು ನಡೆದಳು, ಅವನ ಪಕ್ಕದಿಂದಲೇ ದಾಟಿ ಒಳಗೆ ಹೋಗಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದಳು. ಒದ್ದೆ ಬಟ್ಟೆ ಒಂದೊಂದಾಗಿ ತಂತಿಗೇರತೊಡಗಿತು. ಮಟ್ಟಣ್ಣ ಕಣ್ಣೊರೆಸಿಕೊಳ್ಳುತ್ತಿರುವಾಗ ಮಗಳು ಪಕ್ಕಕ್ಕೆ ಬಂದು ಅವನ ಕೈಯಲ್ಲಿ ಬೀಗವಿಟ್ಟಳು.

"ನಿಮ್ಮ ಗಾಡಿಗೆ ಹಾಕ್ಕೊಳ್ಳಿ ಮಾವ" ಎಂದಳು.