ನಾಲೆಯ ಮೇಲಿನ ಇಪ್ಪತ್ತು ಗುಂಟೆ

ಮದ್ದೂರಿನಲ್ಲಿ ಚಿಕ್ಕರಸಿನಕೆರೆಯ ಬಸ್ಸು ಹತ್ತಿ ಕೂತಿದ್ದೆ. ಪಕ್ಕದವರು ನನ್ನ ಕಾಲಿನ ಹತ್ತಿರ ಒಂದು ಗೋಣಿಚೀಲ ತಂದು ಒತ್ತಿದರು. ಆಗತಾನೇ ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂತು. ನಿಮಗೆ ಆ ವಾಸನೆ ರೇಷ್ಮೆ ಸೀರೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ನಾನು ಬೈಸಿಕೊಂಡದ್ದು.

ನನ್ನ ಕೆಲಸ ನಕ್ಷೆ ಮಾಡುವುದು. ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲಿ ಗದ್ದೆ, ಎಲ್ಲಿ ಕಬ್ಬು, ಎಲ್ಲಿ ಕೆರೆ ಎಂದು ಬಣ್ಣ ತುಂಬುವುದು. ಮಂಡ್ಯದ ನಮ್ಮ ಬೀದಿಯವರಿಗೆ ಇದನ್ನು ವಿವರಿಸಿ ಸೋತಿದ್ದೇನೆ. ಅವರು ನನ್ನನ್ನು ಹವಾಮಾನದವಳೆಂದೇ ತಿಳಿದು, ಹಪ್ಪಳ ಒಣಗಿಸುವ ಮೊದಲು ಒಂದು ಮಾತು ಕೇಳುತ್ತಾರೆ. ನಾನೂ ಹೇಳುತ್ತೇನೆ. ಅರ್ಧಕ್ಕರ್ಧ ನಿಜವಾಗುತ್ತದೆ.

ಆ ಚಿತ್ರವೆಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಚೌಕಗಳು. ಒಂದೊಂದು ಚೌಕವೂ ಏನೆಂದು ಕಂಪ್ಯೂಟರು ಊಹಿಸುತ್ತದೆ, ಆಗಾಗ ಎಡವುತ್ತದೆ. ಕಬ್ಬಿನ ನಟ್ಟನಡುವೆ ಒಂದು ಚೌಕ ಕೆರೆ, ಇನ್ನೊಂದು ಬಸ್ ನಿಲ್ದಾಣ. ಈ ಕಲೆ ತೊಳೆಯಲು ನಮ್ಮಲ್ಲೊಂದು ಲೆಕ್ಕವಿದೆ: ಸುತ್ತಲಿನ ಚೌಕಗಳನ್ನು ಕೇಳುವುದು. ಹತ್ತಿರದವು ಒಂದೇ ಥರ ಇರುತ್ತವೆಂಬ ನಂಬಿಕೆ. ಸುತ್ತಲೂ ಕಬ್ಬಾದರೆ ನಡುವಿನದೂ ಕಬ್ಬು. ಎರಡು ವರ್ಷದ ಹಿಂದೆ ಹೀಗೆ ತೊಳೆದ ಮೇಲೆ ನನ್ನ ನಕ್ಷೆ ಸಾರಿಸಿದ ಅಂಗಳದಂತೆ ಹೊಳೆಯಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಕಣ್ಣಾರೆ ನೋಡಿ ಬರೋಣವೆಂದು ಚಿಕ್ಕರಸಿನಕೆರೆಯ ಆಚೆಯ ಒಂದು ಊರಿಗೆ ಹೋದೆ.

ಫೋನಿನ ನಕ್ಷೆಯಲ್ಲಿ ನಾನು ನಿಂತಿದ್ದು ಕಬ್ಬಿನೊಳಗೆ. ನಿಜದಲ್ಲಿ ನಿಂತಿದ್ದು ಹಿಪ್ಪುನೇರಳೆಯೊಳಗೆ, ಅಲ್ಲಿಯವರ ಮಾತಿನಲ್ಲಿ ರೇಷ್ಮೆ ಕಡ್ಡಿಯೊಳಗೆ. ಎದುರಿಗೆ ಕುಡುಗೋಲು ಹಿಡಿದ ಒಡತಿ, ಅರವತ್ತರ ಆಸುಪಾಸಿನ ಪುಟ್ಟತಾಯಮ್ಮ. ನಾನು ಪೆದ್ದಿಯಂತೆ ನಕ್ಷೆ ತೋರಿಸಿದೆ.

"ನನ್ ರೇಸ್ಮೆ ಕಡ್ಡಿ ಎಲ್ಲವ್ವಾ? ಕಬ್ಬು ಅಂತ ಯಾರ್ ಯೋಳಿದ್ದು?"

"ಸುತ್ತಲಿನ ಜಮೀನನ್ನು ಕೇಳಿ ಬರೆದದ್ದಮ್ಮ," ಎಂದೆ.

ಸುತ್ತ ಮೂರು ಕಡೆಯೂ ಇದ್ದದ್ದು ಅವರ ಮೈದುನ ಬೋರಯ್ಯನ ಕಬ್ಬು. ಪುಟ್ಟತಾಯಮ್ಮನ ಮಗಳ ಮದುವೆಯಲ್ಲಿ ಸಾರು ನೀರಾಗಿತ್ತು ಎಂದು ಬೋರಯ್ಯ ಅಂದ ದಿನದಿಂದ ಇವರು ಅವರ ಜೊತೆ ಮಾತು ಬಿಟ್ಟಿದ್ದರು. ಆ ಮಗಳಿಗೆ ಈಗ ಶಾಲೆಗೆ ಹೋಗುವ ಇಬ್ಬರು ಮಕ್ಕಳು.

"ನನ್ ಜಮೀನ್ ಇಚಾರನ ಅವ್ನತ್ರ ಕೇಳಕ್ಕೆ ನೀನ್ಯಾರವ್ವಾ? ಅಕ್ಕಪಕ್ಕದೋರು ಒಂದೇ ತರ ಇದ್ದಿದ್ರೆ ಕೋರ್ಟು ಯಾಕ್ ಬೇಕಿತ್ತು?"

ಅಷ್ಟರಲ್ಲಿ ಕಬ್ಬಿನ ಗರಿ ಸರಿಸಿ ಬೋರಯ್ಯನೇ ಬದುವಿನ ಮೇಲೆ ಬಂದರು. ವಿಷಯ ಕೇಳಿ ಅವರಿಗೆ ಹಬ್ಬ. "ಯೋಳವ್ವಾ ಅವ್ರಿಗೆ, ಆಕಾಸದಿಂದ ನೋಡುದ್ರೂವೆ ಎಲ್ಲಾ ನಮ್ದೇ ಅಂತ!"

"ನೀರ್ ಸಾರು ಕುಡ್ದೋನ್ ಮಾತಿಗೆ ಬೆಲೆ ಇಲ್ಲ ಅನ್ನವ್ವಾ ಅವ್ನಿಗೆ!"

ಇಬ್ಬರ ನಡುವೆ ಇದ್ದದ್ದು ಒಂದು ಮಾರು ದೂರ. ಆದರೂ ಪ್ರತಿ ಮಾತೂ ನನ್ನ ಮೂಲಕವೇ ದಾಟಬೇಕು. ನಾನು ಅತ್ತ ತಿರುಗಿ "ಹಾಗಂತೆ," ಇತ್ತ ತಿರುಗಿ "ಹೀಗಂತೆ" ಎಂದು ಕತ್ತು ನೋಯಿಸಿಕೊಂಡೆ. ಕೊನೆಗೆ ಪುಟ್ಟತಾಯಮ್ಮ ನನ್ನ ಫೋನು ಕಸಿದು ಮಡಿಲಿಗೆ ಸೇರಿಸಿದರು. ಸರಿ ಮಾಡುವವರೆಗೂ ಕೊಡುವುದಿಲ್ಲವಂತೆ. ಫೋನಿಲ್ಲದೆ ಸರಿ ಮಾಡುವುದು ಹೇಗೆಂದು ನಾನು ಅಳುವ ಹಾಗಾದಾಗ ಕರುಣೆ ಬಂದು, ಮನೆಗೆ ಕರೆದೊಯ್ದು ಮುದ್ದೆ ಇಕ್ಕಿದರು. ಸಾರು ಗಟ್ಟಿಯಾಗಿಯೇ ಇತ್ತು. ಕೇಳದಿದ್ದರೂ ಹಾಗೆಂದು ಹೇಳಿದೆ. ಫೋನು ಹೊರಬಂತು.

"ಕೇಳೋದಾದ್ರೆ ಎಲ್ಲಿ ಕೇಳ್ಬೇಕು ಅಂತ ತಿಳ್ಕೊಂಡ್ ಕೇಳವ್ವಾ," ಎಂದರು. "ನಾಲೆ ಕೆಳ್ಗೆ ನೀರ್ ಬುಟ್ ತಕ್ಷಣ ಎಲ್ರೂ ನಾಟಿ ಆಕ್ತಾರೆ. ಅಲ್ಲಿ ಒಬ್ಬುನ್ ಕೇಳುದ್ರೆ ಊರೇ ಗೊತ್ತಾಯ್ತದೆ. ನಾಲೆ ಮ್ಯಾಲಕ್ಕೆ ಆ ನೀರ್ ಹತ್ತಲ್ಲ, ನಮ್ದು ಬೋರ್‌ವೆಲ್ಲು. ಒಬ್ಬೊಬ್ರಿಗೆ ಒಂದೊಂದ್ ಬುದ್ಧಿ."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಕ್ಕಪಕ್ಕದ ಜಮೀನುಗಳ ಹೋಲಿಕೆ ಎಷ್ಟು ದೂರ ನಡೆಯುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನೇ ಕಾಲೇಜಿನಲ್ಲಿ ಒಂದು ವರ್ಷ ಓದಿ ಪಾಸಾದವಳು ನಾನು. ಓದಿದವಳು ಇಡೀ ತಾಲ್ಲೂಕಿಗೆ ಒಂದೇ ಅಳತೆ ಹಾಕಿ ಕೂತಿದ್ದೆ! ಆಫೀಸಿಗೆ ಬಂದು ಲೆಕ್ಕವನ್ನು ಎರಡು ಮಾಡಿದೆ. ನಾಲೆಯ ಕೆಳಗೆ ದೂರದ ಚೌಕಗಳ ಮಾತಿಗೂ ಬೆಲೆ. ನಾಲೆಯ ಮೇಲೆ ಚೌಕದ ಸ್ವಂತ ಮಾತಿಗೇ ಬೆಲೆ. ಮತ್ತೆ ಹೋಗಿ ನೋಡಿದಾಗ ಮೊದಲಿಗಿಂತ ಎಷ್ಟೋ ಕಡೆ ನಕ್ಷೆ ಸರಿಬಂತು. ಇದು ಯಾರ ವಿಧಾನ ಎಂದು ಸಾಹೇಬರು ಕೇಳಿದರು. ಪುಟ್ಟತಾಯಮ್ಮನವರದು ಎಂದೆ. ಯಾವ ಯೂನಿವರ್ಸಿಟಿ ಎಂದು ಅವರು ಪೆನ್ನು ತೆರೆದರು.

ಎಲ್ಲರ ಸಹಿ ಬೀಳಲು ಎರಡು ವರ್ಷ ಹಿಡಿಯಿತು. ಮೊದಲಿಗೆ ನೀವು ನನ್ನ ಜೊತೆ ಬಸ್ಸಿನಲ್ಲಿ ಕೂತಿರಲ್ಲ, ಆಗ ಆ ನಕ್ಷೆ ನನ್ನ ಚೀಲದಲ್ಲಿತ್ತು. ಪುಟ್ಟತಾಯಮ್ಮನಿಗೆ ತೋರಿಸಲೆಂದೇ ಹೊರಟಿದ್ದು. ಬಸ್ಸಿಳಿದು, ನಾಲೆಯ ಏರಿ ಹತ್ತಿ, ಬದುವಿನ ಮೇಲೆ ನಿಂತು ನಕ್ಷೆ ಬಿಡಿಸಿದೆ. ಕಬ್ಬಿನ ನಡುವೆ ಅಚ್ಚುಕಟ್ಟಾಗಿ ಇಪ್ಪತ್ತು ಗುಂಟೆ ಹಿಪ್ಪುನೇರಳೆ.

ತಲೆಯೆತ್ತಿದರೆ ಹಿಪ್ಪುನೇರಳೆಯ ನಡುವೆ ಇಪ್ಪತ್ತು ಗುಂಟೆ ಕಬ್ಬು!

"ನನ್ ನೋಡ್ಕಂಡು ಅವ್ನೂ ಕಡ್ಡಿ ಆಕ್ದ ಕಣವ್ವಾ," ಎಂದರು ಪುಟ್ಟತಾಯಮ್ಮ, ಕಬ್ಬಿನಿಂದ ಹೊರಬಂದು. "ಅವ್ನಾಕಿದ್ದ ನಾನ್ ಆಕಕ್ಕಾಯ್ತದಾ? ಕಿತ್ತಾಕ್ದೆ."

ನಾನು ನಕ್ಷೆಯನ್ನು ಮೆಲ್ಲಗೆ ಮಡಿಸುತ್ತಿದ್ದೆ. ಬದುವಿನ ಆಚೆಯಿಂದ ಬೋರಯ್ಯ ಬಂದರು. ಹಳೆಯ ಗತ್ತು ಇರಲಿಲ್ಲ. ನನ್ನ ಮುಖ ನೋಡಿ, "ರೇಸ್ಮೆ ಹುಳ ಪೊರೆ ಬುಡೋ ಜ್ವರಕ್ಕೆ ಕೂತವೆ. ಮೇಯ್ತಾ ಇಲ್ಲ, ಅಲ್ಲಾಡ್ತಾ ಇಲ್ಲ. ಈಗ ಸೊಪ್ಪಾಕ್ಬೇಕಾ ಬ್ಯಾಡ್ವಾ, ವಸಿ ಕೇಳವ್ವಾ," ಎಂದರು.

ನಾನು ಅಭ್ಯಾಸದಂತೆ ಕತ್ತು ತಿರುಗಿಸಿದೆ. ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಕಿರುಚಿದರು. "ಬ್ಯಾಡ ಕಣ್ಲಾ! ಪೊರೆ ಬುಡಗಂಟ ಸೊಪ್ ಮುಟ್ಟುಸ್ಬ್ಯಾಡ! ಆಕ್ಬುಟ್ಟಿದ್ದೀಯಾ?"

"ಆಗ್ಲೇ ಆಕ್ಬುಟ್ಟೆ ಕಣತ್ಗೆ," ಎಂದರು ಬೋರಯ್ಯ ಸಣ್ಣ ದನಿಯಲ್ಲಿ.

"ತಗೀ ನಡಿಯಲಾ ಮೊದ್ಲು!" ಎನ್ನುತ್ತ ಅವರು ಸೆರಗು ಕಟ್ಟಿ ಬದು ದಾಟಿಯೇಬಿಟ್ಟರು. ಇಬ್ಬರೂ ಹುಳುಮನೆಯ ಕಡೆ ಓಡಿದರು. ಹೋಗುತ್ತಾ ಜಗಳವಾಡುತ್ತಿದ್ದರು, ನೇರವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು. ನನ್ನ ಕಡೆ ಯಾರೂ ತಿರುಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಬಂದ ನಗುವನ್ನು ಒಬ್ಬಳೇ ನಕ್ಕು, ನಾಲೆಯ ಏರಿ ಇಳಿದು ಬಸ್ಸಿಗೆ ನಡೆದೆ.